ಪುಟ್ಟತಾಯತ್ತೆಯ ಉಪ್ಪು

ಅಂಗಡಿಯವನು ಕಲ್ಲುಪ್ಪಿನ ಮೂಟೆ ಬಿಚ್ಚಿದರೆ ಪುಟ್ಟತಾಯತ್ತೆ ಒಂದು ಹರಳನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ಅವಳು ಕಣ್ಣು ಬಿಡುವವರೆಗೆ ಅವನು ತಕ್ಕಡಿಗೆ ಕೈ ಹಾಕುತ್ತಿರಲಿಲ್ಲ. "ಕಹಿ ಹೊಡೀತದೆ ಕಣ್ಲಾ, ಕಟ್ಟಿಡು" ಅಂದಳೋ, ನಮ್ಮ ಬೀದಿಯ ಹೆಂಗಸರು ಯಾರೂ ಆ ಮೂಟೆಯ ಕಡೆ ತಿರುಗಿ ನೋಡುತ್ತಿರಲಿಲ್ಲ.

ಅವಳು ನನ್ನ ಅಪ್ಪನ ಅಕ್ಕ. ಪಾಂಡವಪುರದಲ್ಲಿ ನನಗೆ ಕೆಲಸ ಸಿಕ್ಕಾಗ ಅವಳ ಮನೆಯಲ್ಲೇ ಉಳಿದುಕೊಂಡೆ. ಮಕ್ಕಳಿಲ್ಲದ ಆ ಮನೆಯಲ್ಲಿ ಅತ್ತೆ, ಮಾವ ಇಬ್ಬರೇ.

ಗ್ರೈಂಡರ್ ಕೊಳ್ಳಲು ಅವಳ ಜೊತೆ ಶ್ರೀರಂಗಪಟ್ಟಣಕ್ಕೆ ಹೋದದ್ದನ್ನು ನಾನು ಮರೆಯುವ ಹಾಗಿಲ್ಲ. ಮನೆಯಿಂದಲೇ ಡಬ್ಬಿಯಲ್ಲಿ ನೆನೆಸಿದ ಉದ್ದಿನಬೇಳೆ ತಂದಿದ್ದಳು. "ರುಬ್ಬಿ ತೋರ್ಸು" ಎಂದು ಅಂಗಡಿಯ ಸ್ಟೂಲಿನ ಮೇಲೆ ಕೂತಳು. ಅಂಗಡಿಯವನು ಮೊದಲು ನಕ್ಕ, ಆಮೇಲೆ ಸಿಡುಕಿದ, ಕೊನೆಗೆ ರುಬ್ಬಿದ. ಅತ್ತೆ ಹಿಟ್ಟಿಗೆ ಬೆರಳದ್ದಿ, "ಬೆಚ್ಚಗಾಗೋಯ್ತದೆ. ಬ್ಯಾಡ" ಎಂದಳು. ಇನ್ನೊಂದರ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, "ಎತ್ತಿ ತೊಳೆಯಕ್ಕಾಗ್ದಿರೋ ಕಲ್ಲು ಕಟ್ಕೊಂಡು ನಾನೇನ್ಲಾ ಮಾಡ್ಲಿ?" ಎಂದು ಅದನ್ನೂ ಬಿಟ್ಟಳು. ಮೂಲೆಯಲ್ಲಿದ್ದ ಚಿಕ್ಕದೊಂದನ್ನು ಆರಿಸಿ ತಂದಳು. ಮೃದುವಾದ ಹಿಟ್ಟು ಉಬ್ಬಿ ಬಂದ ಬೆಳಿಗ್ಗೆ ಅವಳ ಮುಖ ನೋಡಬೇಕಿತ್ತು.

ಮಾವನ ಕಿಡ್ನಿ ಕೆಟ್ಟಿದೆ ಎಂದು ಗೊತ್ತಾದ ಮೇಲೆ ಆ ಅಡುಗೆಮನೆ ಬದಲಾಯಿತು. ಡಾಕ್ಟರು ಉಪ್ಪು ಅರ್ಧಕ್ಕಿಳಿಸಿ ಎಂದರು. ಮಾವನಿಗೋ ಮುದ್ದೆ, ಉಪ್ಸಾರು ಬಿಟ್ಟರೆ ಬೇರೆ ಊಟವಿಲ್ಲ. "ಉಪ್ಪೇ ಇಲ್ದ ಉಪ್ಸಾರ? ಇದ್ಕೆ ಬಿಸಿನೀರು ಕುಡಿಯೋದೇ ವಾಸಿ ಕಣಮ್ಮಿ" ಎಂದು ತಟ್ಟೆ ತಳ್ಳುತ್ತಿದ್ದರು. ಅವರು ಎದ್ದುಹೋದರೆ ಅತ್ತೆಯೂ ಉಣ್ಣುತ್ತಿರಲಿಲ್ಲ. ಮಾವ ದಿನದಿನಕ್ಕೆ ಸೊರಗಿದರು.

ಆಗ ಹೊಸದಾಗಿ ತೆರೆದ ಅಂಗಡಿಯವನೊಬ್ಬ ಅವಳಿಗೆ ಒಂದು ಪ್ಯಾಕೆಟ್ ಕೊಟ್ಟ. "ಇದು ಬಿಪಿ ಉಪ್ಪು ಕಣಕ್ಕ. ಎಷ್ಟ್ ಹಾಕುದ್ರೂ ಏನೂ ಆಗಲ್ಲ." ಅತ್ತೆ ಅದನ್ನೂ ನಾಲಿಗೆಗಿಟ್ಟು ನೋಡಿದಳಂತೆ. ಕೊಂಚ ಕಹಿ ಅನ್ನಿಸಿತಂತೆ. ಆದರೂ ತಂದಳು. ಮಾವ ಮತ್ತೆ ಬೆರಳು ನೆಕ್ಕಿಕೊಂಡು ಉಂಡರು. ಮನೆಯಲ್ಲಿ ಮತ್ತೆ ಮಾತು, ನಗು.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಮಾವ ಜಗಲಿಯಿಂದ ಏಳಲು ಹೋದರು, ಕಾಲು ಏಳಲಿಲ್ಲ. "ಶಕ್ತೀನೇ ಇಲ್ಲ ಕಣವ್ವ" ಎಂದು ನನ್ನ ಕೈ ಹಿಡಿದರು. ನಾಡಿ ನೋಡಿದೆ, ಒಂದು ಬಡಿತದಿಂದ ಇನ್ನೊಂದಕ್ಕೆ ಕಾಯಬೇಕಾಗಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಮೈಸೂರಿಗೆ ಹೊರಟೆವು. ಶ್ರೀರಂಗಪಟ್ಟಣದ ಹತ್ತಿರ ಕಬ್ಬಿನ ಲಾರಿಯೊಂದು ಅಡ್ಡ ನಿಂತು ದಾರಿ ಕಟ್ಟಿಹೋಗಿತ್ತು. ಅತ್ತೆ ಮಾವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, "ಕಣ್ಬುಡಿ, ಇಲ್ನೋಡಿ, ಇಲ್ನೋಡಿ" ಎನ್ನುತ್ತಲೇ ಇದ್ದಳು. ಅವರು ಒಮ್ಮೆ ಕಣ್ಣು ಬಿಡಲಿಲ್ಲ. ಅವಳು ಕೆನ್ನೆಗೆ ಹೊಡೆದಳು. ಮತ್ತೆ ಬಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರು ರಕ್ತದ ರಿಪೋರ್ಟ್ ನೋಡುತ್ತಾ ಕೇಳಿದರು: "ಮನೇಲಿ ಯಾವ ಉಪ್ಪು ಬಳಸ್ತೀರಿ?"

ಅತ್ತೆ ಹೇಳಿದಳು.

"ಅದರಲ್ಲಿ ಪೊಟ್ಯಾಸಿಯಂ ಇರುತ್ತಮ್ಮ. ಕೆಟ್ಟ ಕಿಡ್ನಿ ಅದನ್ನ ಹೊರಗೆ ಹಾಕಲ್ಲ. ಹೃದಯಾನೇ ನಿಂತುಬಿಡಬಹುದು" ಎಂದು ಅವರು ಒಳಗೆ ಓಡಿದರು.

ಅತ್ತೆ ಅಳಲಿಲ್ಲ. ಗೋಡೆಗೆ ಒರಗಿ, "ನಾಲಿಗೆ ಹೇಳ್ತು ಮಗ, ಕಹಿ ಅಂತ. ನಾನೇ ಕೇಳ್ನಿಲ್ಲ. ಅವ್ರು ಉಣ್ಲಿ ಅಂತ ಇದ್ದೆ" ಎಂದಳು. ಡಯಾಲಿಸಿಸ್ ಮುಗಿದ ಮೇಲೆ ನಮ್ಮನ್ನು ಕರೆದರು. ಒಳಗೆ ಹೋದಾಗ ಮಾವ ಮೆಲ್ಲಗೆ ಅಂದರು: "ಬುಡಮ್ಮಿ. ಉಪ್ಸಾರು ಮಾತ್ರ ಚೆನ್ನಾಗಿತ್ತು." ಆಗ ಅತ್ತಳು.

ಊರಿಗೆ ಬಂದವಳೇ ಪ್ಯಾಕೆಟ್ ಹಿಡಿದು ಆ ಅಂಗಡಿಗೆ ನಡೆದಳು. ಗಲಾಟೆ ನೋಡಲು ಜನ ಸೇರಿದರು. ಅವಳು ದನಿ ಏರಿಸಲಿಲ್ಲ. "ನನ್ ಮನೆ ದೀಪ ಆರೋಯ್ತಿತ್ತು ಕಣಪ್ಪ. ಇನ್ಮ್ಯಾಕೆ ಇದನ್ನ ಕೊಡೋಕ್ ಮುಂಚೆ ಕೇಳು, ಮನೇಲಿ ಕಿಡ್ನಿ ತೊಂದ್ರೆ ಇರೋರು ಅವ್ರಾ ಅಂತ. ಕೇಳ್ತೀನಿ ಅನ್ನು." ಅವನು ಕೈ ಮುಗಿದು "ಕೇಳ್ತೀನಿ ಕಣಕ್ಕ" ಎಂದ. ಅಲ್ಲಿಂದಾಚೆ ಅವಳು ಬೆಳ್ಳುಳ್ಳಿ, ಮೆಣಸು, ನಿಂಬೆಹುಳಿ ಹಾಕಿ, ಚಿಟಿಕೆ ಉಪ್ಪಲ್ಲೇ ಮಾವನನ್ನು ಒಲಿಸುವ ದಾರಿ ಹುಡುಕಿದಳು. ಹತ್ತು ಸಲ ಸೋತಳು, ಬಿಡಲಿಲ್ಲ.

ಎಲ್ಲರೂ ಮಾವನಿಗಾಗಿ ಹೆದರಿದ್ದೆವು. ಮೊದಲು ಹೋದವಳು ಅತ್ತೆ, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ಕುಸಿದು, ಯಾರಿಗೂ ಹೇಳದೆ. ಅಷ್ಟರಲ್ಲಿ ನನಗೆ ಕೆ.ಆರ್.ಪೇಟೆಗೆ ವರ್ಗವಾಗಿತ್ತು. ತಿಥಿ ಕಳೆದು ಸ್ವಲ್ಪ ದಿನಕ್ಕೆ ಮಾವನನ್ನು ನೋಡಲು ಹೋದೆ. ಅವರೇ ಮುದ್ದೆ ತೊಳಸುತ್ತಿದ್ದರು. ನನಗೂ ಬಡಿಸಿದರು. ಮುದ್ದೆಯ ತುಂಬ ಗಂಟು.

"ಬೈದ್ಬುಡು ಮಗ" ಎಂದರು ಮಾವ, ತಟ್ಟೆ ನೋಡುತ್ತಾ. "ಬೈಯೋರಿಲ್ದೆ ಗಂಟಲಲ್ಲಿ ಇಳೀತಿಲ್ಲ."

ನಾನು ಒಂದು ಗಂಟನ್ನು ಬೆರಳಲ್ಲಿ ಹಿಸುಕಿ, ಸಾರಿನಲ್ಲಿ ಅದ್ದಿ ನುಂಗಿದೆ.