ಹಾಜರಿಗೆ ‘ಹೆದ್ರಿಕೆ’ ಅಂದವಳು

ಇವತ್ತು ಬೆಳಿಗ್ಗೆ ತರಗತಿಯ ಕಸದ ಬುಟ್ಟಿ ತುಂಬ ಕಬ್ಬಿನ ಸಿಪ್ಪೆ ಬಿದ್ದಿತ್ತು. ಆ ಹಸಿ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಅಂಗೈ ಬೆವರಿತು. ಕಬ್ಬಿನ ಸೀಮೆಯ ಹೈಸ್ಕೂಲು ಮೇಷ್ಟ್ರು ಕಬ್ಬಿನ ಸಿಪ್ಪೆಗೆ ಬೆವರುತ್ತಾನೆಂದರೆ ನೀವು ನಗುತ್ತೀರಿ. ನಗಿ. ಹೋದ ವರ್ಷದವರೆಗೆ ನಾನೂ ನಗುತ್ತಿದ್ದೆ.

ನಮ್ಮ ಶಾಲೆ ಮದ್ದೂರಿನ ಕೊಪ್ಪದ ಕಡೆ, ರಸ್ತೆಗೆ ಅಂಟಿಕೊಂಡೇ ಇದೆ. ಗೇಟಿನ ಮುಂದೊಂದು ಹಂಪ್ಸು. ಕಬ್ಬು ಅರೆಯುವ ಕಾಲದಲ್ಲಿ ಫ್ಯಾಕ್ಟರಿಗೆ ಹೋಗುವ ಟ್ರಾಕ್ಟರುಗಳು ಅಲ್ಲಿ ನಿಧಾನಿಸುತ್ತವೆ. ಮಕ್ಕಳು ಹಿಂದಿನಿಂದ ಕಬ್ಬಿನ ಜಲ್ಲೆ ಎಳೆದುಕೊಳ್ಳುತ್ತಿದ್ದರು. ನಮ್ಮಲ್ಲಿ ಯಾರೂ ಇದನ್ನು ಕಳ್ಳತನ ಅನ್ನುವುದಿಲ್ಲ. ಡ್ರೈವರೂ ಬಯ್ಯುತ್ತಿರಲಿಲ್ಲ, ಅವನೂ ಹಾಗೆ ಎಳೆದೇ ಬೆಳೆದವನು. ನಾನೂ ಎಳೆದಿದ್ದೇನೆ. ಆ ಜಲ್ಲೆಗಿದ್ದ ರುಚಿ ನಮ್ಮ ಗದ್ದೆಯದಕ್ಕೆ ಇರಲೇ ಇಲ್ಲ.

ಕನ್ನಡ ಹೇಳಿಕೊಡುವ ಭಾಗ್ಯ ಮೇಡಂ ಹೋದ ವರ್ಷ ಹತ್ತನೇ ತರಗತಿಗೆ ಹೊಸ ಪದ್ಧತಿ ತಂದಿದ್ದರು. ಹಾಜರಿ ಕರೆದಾಗ ‘ಪ್ರೆಸೆಂಟ್’ ಅನ್ನುವ ಹಾಗಿಲ್ಲ. ಮನಸ್ಸು ಹೇಗಿದೆಯೋ ಅದನ್ನು ಹೇಳಬೇಕು. ಉಳಿದವರು ನಗಬಾರದು. ಮೊದಮೊದಲು ಹುಡುಗರೆಲ್ಲ ‘ಹಸಿವು’ ಅಂದರು. ನಾನು ಸ್ಟಾಫ್ ರೂಮಿನಲ್ಲಿ, “ಮೇಡಂ, ಇವಕ್ಕೆ ಮೊದ್ಲು ಮಗ್ಗಿ ಬರ್ಲಿ, ಮನಸ್ಸು ಆಮೇಲ್ ಬರ್ಲಿ” ಅಂದಿದ್ದೆ.

ಅವರು ಊಟದ ಡಬ್ಬಿ ಬಿಚ್ಚುತ್ತಾ, “ಬೆಳಿಗ್ಗೆನೇ ಏಟು ತಿಂದು ಬಂದಿರೋ ಮಗೀಗೆ ನಿಮ್ ಮಗ್ಗಿ ಎಲ್ಲಿ ಅಂಟ್ಕೊಂಡದು ಸಾ?” ಅಂದರು. ನಾನು ಉಪ್ಪಿನಕಾಯಿ ಕೇಳಿದೆ.

ಒಂದು ದಿನ ಹಾಜರಿಗೆ ನಂದಿನಿ ಎದ್ದು ‘ಹೆದ್ರಿಕೆ’ ಅಂದಳಂತೆ. ಗೆಳತಿ ದಿವ್ಯ ದಿನಾ ಸಂಜೆ ಕಬ್ಬು ಎಳೆಯಲು ಕರೆಯುತ್ತಾಳೆ, ತನಗೆ ಆ ಚಕ್ರ ಕಂಡರೆ ಆಗುವುದಿಲ್ಲ, ಇನ್ನು ಹೋಗುವುದಿಲ್ಲ ಎಂದಳಂತೆ. ಯಾರೂ ನಗಲಿಲ್ಲ. ದಿವ್ಯ ಮಾತ್ರ ಮುಖ ಊದಿಸಿಕೊಂಡಳು.

ಅವತ್ತೇ ಸಂಜೆ ಗೇಟಿನಲ್ಲಿ ದಿವ್ಯಳ ದನಿ ಕೇಳಿಸಿತು.

“ಬಾರೇ ಪುಕ್ಲಿ.”

“ಊಂ, ಪುಕ್ಲಿನೇ. ನೀನು ಓಗು, ನಾ ದೂರದಲ್ಲೇ ನಿಂತಿರ್ತೀನಿ.”

“ಒಂದು ಗೆಣ್ಣೂ ಕೊಡಾಕಿಲ್ಲ ಕಣೇ ನಿಂಗೆ.”

“ಬುಡು, ನನ್ ಹಲ್ಲಾದ್ರೂ ಉಳೀತವೆ.”

ಆಗ ಬಂದ ಟ್ರಾಕ್ಟರು ಒಂದರ ಹಿಂದೊಂದು ಎರಡು ಟ್ರೇಲರು ಎಳೆಯುತ್ತಿತ್ತು. ಹಂಪ್ಸಿನ ಮೇಲೆ ಅದು ನಿಂತಂತಾಯಿತು. ನಿಂತೇಬಿಟ್ಟಿತು ಎಂದುಕೊಂಡ ದಿವ್ಯ ಎರಡು ಟ್ರೇಲರುಗಳ ನಡುವೆ ನುಗ್ಗಿ ಜಲ್ಲೆ ಹಿಡಿದಳು. ಟ್ರಾಕ್ಟರು ಮತ್ತೆ ಹೊರಟಿತು. ಬ್ಯಾಗಿನ ಪಟ್ಟಿ ಕಬ್ಬಿನ ಕೊನೆಗೆ ಸಿಕ್ಕಿಕೊಂಡಿತು, ಹಿಂದಿನ ಟ್ರೇಲರು ಅವಳ ಬೆನ್ನಿಗೇ ಬಂತು. ನಾನು ಗೇಟಿನಿಂದ ಕೂಗಿದೆ. ಡ್ರೈವರು ಹಾಕಿಕೊಂಡಿದ್ದ ಹಾಡಿನ ಅಬ್ಬರದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ನಂದಿನಿ ಕೂಗಲಿಲ್ಲ. ಚಕ್ರಕ್ಕೆ ಹೆದರಿ ಅವಳು ಟ್ರಾಕ್ಟರಿಗಿಂತ ಎಷ್ಟೋ ಮುಂದೆ, ಚರಂಡಿಯಾಚೆ ಹೋಗಿ ನಿಂತಿದ್ದಳು. ಅಲ್ಲಿಂದ ಗೆಳತಿಯೂ ಕಾಣುತ್ತಿದ್ದಳು, ಡ್ರೈವರಿನ ಮುಖವೂ ಕಾಣುತ್ತಿತ್ತು. ಚರಂಡಿ ಹಾರಿ ರಸ್ತೆ ನಡುವೆ ಬಂದು ಎರಡೂ ಕೈ ಎತ್ತಿ ನಿಂತುಬಿಟ್ಟಳು.

ಬ್ರೇಕು ಬಿತ್ತು. ದಿವ್ಯಳ ಮೊಣಕೈ ತರಚಿತ್ತು, ಅಷ್ಟೇ.

ಅಷ್ಟೇ ಎಂದು ಬರೆಯುವುದು ಸುಲಭ. ನನ್ನ ತಲೆಯೊಳಗೆ ಆ ಟ್ರಾಕ್ಟರು ಕೆಲವು ಸಲ ನಿಲ್ಲುವುದೇ ಇಲ್ಲ. ಸ್ನಾನ ಮಾಡುವಾಗ, ಬೋರ್ಡಿನ ಮೇಲೆ ತ್ರಿಕೋನ ಎಳೆಯುವಾಗ, ಚಕ್ರ ಒಂದು ಸುತ್ತು ಮುಂದಕ್ಕೆ ಹೋಗಿಬಿಡುತ್ತದೆ.

ಮಾರನೆಯ ದಿನ ಹಾಜರಿ ಕರೆಯುವಾಗ ನಾನೂ ಹೋಗಿ ಬಾಗಿಲಲ್ಲಿ ನಿಂತೆ. ದಿವ್ಯ ಎದ್ದಳು, ಅತ್ತಳು. ಮೇಡಂ ಪೆನ್ನು ಕೆಳಗಿಟ್ಟು ಕಾದರು. ನಂದಿನಿ ಪಕ್ಕಕ್ಕೆ ಸರಿದು ಕೂತು, “ಅತ್ಕೊ. ನನ್ ಕರ್ಚೀಪ್ ಮಾತ್ರ ಕೇಳ್ಬೇಡ” ಅಂದಳು. ದಿವ್ಯ ಅಳುತ್ತಲೇ ಆ ಕರ್ಚೀಪನ್ನು ಕಿತ್ತುಕೊಂಡಳು. ಈಗ ಇಬ್ಬರೂ ಒಂದೇ ಬಸ್ಸಿನಲ್ಲಿ ಮದ್ದೂರಿಗೆ ಪಿಯುಸಿಗೆ ಹೋಗುತ್ತಾರೆ. ಗೇಟಿನಲ್ಲಿ ಎಳೆಯುವುದು ನಿಂತಿದೆ. ಗದ್ದೆ ಇದ್ದವರು ಮನೆಯಿಂದಲೇ ತಂದು ಹಂಚುತ್ತಾರೆ, ಕಸದ ಬುಟ್ಟಿ ತುಂಬಿಸುತ್ತಾರೆ.

ಇವತ್ತು ಸಂಜೆ ರಸ್ತೆ ದಾಟಲು ನಿಂತಿದ್ದೆ. ಜೊತೆಗೆ ಎಂಟನೇ ತರಗತಿಯ ಒಬ್ಬಳು ಹುಡುಗಿ. ದೂರದಲ್ಲಿ ಕಬ್ಬಿನ ಲೋಡು ಕಾಣಿಸಿತು.

“ಸಾ, ನಿಮ್ ಕೈ ನಡುಗ್ತಾ ಅದೆ” ಅಂದಳು.

ಮೊದಲಾಗಿದ್ದರೆ ಶುಗರು ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. “ಹೆದ್ರಿಕೆ ಕಣಮ್ಮ” ಅಂದೆ.

ಅವಳು ನನ್ನ ಮುಖ ನೋಡಿದಳು, ನಗಲಿಲ್ಲ. “ಅಂಗಾರೆ ಅದು ಮೊದ್ಲು ಓಗ್ಲಿ ಬುಡಿ ಸಾ, ನಮ್ಗೇನ್ ಅರ್ಜೆಂಟು” ಎಂದು ಒಂದು ಹೆಜ್ಜೆ ಹಿಂದಕ್ಕೆ ಬಂದು ನನ್ನ ಪಕ್ಕ ನಿಂತಳು.

ಲೋಡು ಹೋಯಿತು. ಧೂಳು ಕೂರುವವರೆಗೆ ನಿಂತಿದ್ದು, ಆಮೇಲೆ ಇಬ್ಬರೂ ದಾಟಿದೆವು.