ಮೊಮ್ಮಗಳ ಪಾಲಿನ ತುತ್ತು

ನನ್ನ ಮೊಮ್ಮಗಳಿಗೆ ಈಗ ಎಂಟು ಹಲ್ಲು. ಮೇಲೆ ನಾಲ್ಕು, ಕೆಳಗೆ ನಾಲ್ಕು. ಅವರಮ್ಮ ಫೋನಿನಲ್ಲಿ ಬಾಯಿ ತೆರೆಸಿ ತೋರಿಸ್ತಾಳೆ, ನಾನು ಎಣಿಸ್ತೀನಿ. ಫೋನು ಇಟ್ಟ ಮೇಲೂ ಕಣ್ಣು ಮುಚ್ಚಿಕೊಂಡು ಎಣಿಸ್ತೀನಿ. ಮೂರನೇ ಕ್ಲಾಸಿಗೇ ಸಾಲಿ ಬಿಟ್ಟವಳು ನಾನು, ಬರೆಯೋಕೆ ಕೂತರೆ ಅಕ್ಷರ ಗೆರೆ ಬಿಟ್ಟು ಓಡಿಹೋಗ್ತಾವೆ. ಆದರೂ ಈ ಕೂಸಿನ ಸುದ್ದಿ ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತೇನೋ ಅನ್ನಿಸುತ್ತೆ. ಹೇಳೋಕೆ ಹೋದರೆ ಖುಷಿಯ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬಂದು ನಿಲ್ಲುತ್ತೆ. ಅದನ್ನೂ ಬರೀತೀನಿ.

ನಮ್ಮದು ಕೂಡ್ಲಿಗಿ ತಾಲ್ಲೂಕು. ನನ್ನ ಮಗಳು ಹಡಗಲಿ ಕಡೆ ಹೊಳೆದಂಡೆಯ ಊರಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಳು. ಅಲ್ಲಿಗೆ ಭತ್ತ ಕೊಯ್ಯೋ ದೊಡ್ಡ ಮಷಿನ್ ತಗೊಂಡು ಪಂಜಾಬಿನಿಂದ ಒಬ್ಬ ಹುಡುಗ ಬರುತ್ತಿದ್ದ. ಸಿಖ್ಖರವನು. ತಲೆಗೆ ಪೇಟ, ಮುಖದ ತುಂಬ ಗಡ್ಡ, ಕೈಯಲ್ಲೊಂದು ಕಬ್ಬಿಣದ ಕಡಗ. ಮೂರು ಸುಗ್ಗಿ ಬಂದು ಹೋದ. ನಾಲ್ಕನೇ ಸುಗ್ಗಿಗೆ ನನ್ನ ಮಗಳನ್ನು ಮದುವೆಯಾಗಿ ಕರೆದುಕೊಂಡು ಹೋದ. ನಮ್ಮ ಯಜಮಾನ ಎರಡು ವರ್ಷ ಮಗಳ ಹೆಸರೆತ್ತಲಿಲ್ಲ.

ಆಮೇಲೆ ಕೂಸು ಹುಟ್ಟಿತು, ಏಳೇ ತಿಂಗಳಿಗೆ. ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಾರೆ, ಅಂಗೈಯಷ್ಟು ಐತಿ ಅಂತ ಮಗಳು ಫೋನಿನಲ್ಲಿ ಅತ್ತಳು. ಅಷ್ಟು ದೂರ ನಾನು ಹೋಗಿ ಮಾಡೋದೇನು? ಅರಿಶಿಣದ ಬಟ್ಟೆಯಲ್ಲಿ ಮುಡಿಪು ಕಟ್ಟಿ ಊರಮ್ಮನಿಗೆ ಬೇಡಿಕೊಂಡೆ. ತಾಯೀ, ಈ ಕೂಸು ಉಳಿದರೆ ನಿನಗೊಂದು ಟಗರು ಕೊಡ್ತೀನಿ, ಅದರ ಮೊದಲ ತುತ್ತು ಕೂಸಿನ ಬಾಯಿಗೆ ಇಡ್ತೀನಿ ಅಂದೆ. ನಮ್ಮಲ್ಲಿ ಯಾರ ಹೆಸರಿಗೆ ಹರಕೆ ಹೊತ್ತಿರ್ತೀವೋ ಮೊದಲು ತೆಗೆದಿಟ್ಟ ಪಾಲು ಅವರೇ ತಿನ್ನಬೇಕು. ಅವರು ತಿನ್ನದಿದ್ದರೆ ಊರೆಲ್ಲ ಉಂಡರೂ ಹರಕೆ ತೀರಿದಂಗಲ್ಲ.

ಕೂಸು ಉಳಿಯಿತು. ದುಂಡಗಾಯಿತು. ಯಜಮಾನನೇ ಒಂದಿನ ಫೋನು ಕಸಿದುಕೊಂಡು, "ಲೇ, ಅದನ್ನ ಕರ್ಕೊಂಡು ಬಾರಲೇ, ನಾ ಸಾಯೋದ್ರಾಗ" ಅಂದ. ನಾನು ಕೊಟ್ಟೂರು ಸಂತೆಯಿಂದ ಮರಿ ತಂದು ಕೈಯಾರೆ ಮೇಯಿಸಿ ಟಗರು ಮಾಡಿದೆ.

ಬರುವ ಮುಂಚೆ ಮಗಳು ಎರಡು ಮಾತು ಹೇಳಿದಳು. ಕೂಸಿನ ಜವಳ ತೆಗೆಸೋ ಮಾತೆತ್ತಬೇಡ, ಅವರಲ್ಲಿ ಕೂದಲಿಗೆ ಕತ್ತರಿ ಹಾಕೋದಿಲ್ಲ. ಅದಕ್ಕೆ ಹೂಂ ಅಂದೆ. ಎರಡನೆಯದು, "ಯಮ್ಮಾ, ಮುಲ್ಲಾ ಓದಿ ಕೊಯ್ದದ್ದು ಅವರು ತಿನ್ನಂಗಿಲ್ಲ. ಒಂದೇ ಏಟಿಗೆ ಬಿದ್ದದ್ದು ಆದ್ರ ತಿಂತಾರ" ಅಂದಳು. ಟಗರು ಹರಕೆಯದು ಅಂತ ನಾನು ಹೇಳಲಿಲ್ಲ. ಯಾಕೆ ಹೇಳಬೇಕು? ಟಗರು ಅಂದಮೇಲೆ ಊರಮ್ಮನಿಗೆ ಕೊಟ್ಟೇ ತಿನ್ನೋದು ಅಂತ ನನ್ನ ತಲೆಯಲ್ಲಿ.

ನಮ್ಮೂರಲ್ಲಿ ಮದುವೆಯ ಅಡುಗೆಗಾಗಲಿ, ಹರಕೆಗಾಗಲಿ, ಮುಲ್ಲಾನೇ ಬಂದು ದೇವರ ಹೆಸರು ಓದಿ ಕೊಯ್ಯಬೇಕು. ನಮ್ಮ ಮನೆಗೆ ಬರುವ ಮುಲ್ಲಾನ ಅಪ್ಪ ನಮ್ಮ ಮಾವನ ಕಾಲದಲ್ಲಿ ಬರುತ್ತಿದ್ದ. ಯಾಕೆ ಹಿಂಗೆ ಅಂತ ಯಾರೂ ಕೇಳಿದವರಲ್ಲ. ನಾನು ಅವನ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತೆ.

"ಅಣ್ಣಾ, ಈ ಸಲ ನೀ ಬರಬ್ಯಾಡ."

"ಯಾಕಬೇ? ಮುದುಕನ ಕೈ ನಡಗ್ತೈತಿ ಅಂತ ಯಾರಾರ ಹೇಳಿದ್ರೇನು? ನನ್ನ ಕತ್ತಿ ಇನ್ನೂ ನಿನ್ನ ನಾಲಿಗಿಗಿಂತ ಹರಿತ ಐತಿ."

"ಹಂಗಲ್ಲಣ್ಣಾ. ಅಳಿಯ ಓದಿ ಕೊಯ್ದದ್ದು ತಿನ್ನಂಗಿಲ್ಲಂತ. ಒಂದೇ ಏಟಿಗೆ ಬೀಳಬೇಕಂತ."

ಅವನು ನಗೋದು ನಿಲ್ಲಿಸಿದ. ಹೆಗಲ ಮೇಲಿನ ಟವೆಲ್ ತೆಗೆದು ಮಡಚಿದ, ಮತ್ತೆ ಹಾಕಿಕೊಂಡ. "ಆತು ತಂಗಿ. ಹಂಗಾದ್ರ ನಾವು ಉಣ್ಣಾಕ ಬರಾಕಾಗಂಗಿಲ್ಲ. ಅವಗ ಅವನ ಧರ್ಮ, ನಮಗ ನಮ್ದು" ಅಂದ.

ಅದು ನನಗೆ ಹೊಳೆದೇ ಇರಲಿಲ್ಲ. ಅವನು ಓದಿ ಕೊಯ್ದರೆ ಅವನ ಮನೆಯವರೂ ನಮ್ಮ ಸಾಲಿನಲ್ಲಿ ಕೂರಬಹುದು, ಅದಕ್ಕೇ ಹಿರಿಯರು ಹಿಂಗೆ ಮಾಡಿದ್ದಿರಬೇಕು ಅಂತ ಮನೆಗೆ ಬರುವ ದಾರಿಯಲ್ಲಿ ತಿಳಿಯಿತು. ಆದರೆ ತಿರುಗಿ ಹೋಗಲಿಲ್ಲ. ಅಳಿಯ ಮೊದಲ ಸಲ ನನ್ನ ಕೈಯಡುಗೆ ಉಣ್ಣುವವನು, ಅವನು ಉಂಡರೆ ಮಗಳು ವರ್ಷ ವರ್ಷ ಬಂದಾಳು ಅನ್ನೋ ಆಸೆ.

ಬಂದರು. ಕೂಸನ್ನು ಎತ್ತಿಕೊಂಡಾಗ ನನಗೆ ಏನಾಯಿತು ಅಂತ ಬರೆಯೋಕೆ ಬರಲ್ಲ. ಅದು ನನ್ನ ಮೂಗುಬೊಟ್ಟು ಹಿಡಿದು ಜಗ್ಗಿತು. ಕಣ್ಣಲ್ಲಿ ನೀರು ಬಂತು. "ನೋವಾತೇನಮ್ಮಾ?" ಅಂದಳು ಮಗಳು. ಇನ್ನಷ್ಟು ಜಗ್ಗಲಿ ಬಿಡು ಅಂದೆ.

ಮರುದಿನ ಬೆಳಿಗ್ಗೆ, ಗುಡಿ ಹಿಂದಿನ ಬೇವಿನ ಗಿಡದ ಕೆಳಗೆ ನನ್ನ ಮೈದುನ ಒಂದೇ ಏಟಿಗೆ ಟಗರು ಕಡಿದ. ಮಧ್ಯಾಹ್ನ ಸಾಲಾಗಿ ಎಲೆ ಹಾಕಿದೆವು. ಅಳಿಯನಿಗೆ ಬಡಿಸಿ, ದೊಡ್ಡ ಕೆಲಸ ಮಾಡಿದವಳ ಹಾಗೆ ಹೇಳಿದೆ. "ಉಣ್ಣಪ್ಪಾ, ಸಂಶಯ ಬ್ಯಾಡ. ಮುಲ್ಲಾನ್ನ ಕರಿಸಿಲ್ಲ. ಊರಮ್ಮನ ಮುಂದ ಒಂದೇ ಏಟಿಗೆ ಬಿತ್ತು."

ಅವನ ಕೈ ಎಲೆಯ ಮೇಲೆ ನಿಂತಿತು. ಮಗಳನ್ನು ತನ್ನ ಭಾಷೆಯಲ್ಲಿ ಏನೋ ಕೇಳಿದ. ಮಗಳ ಮುಖ ಸಣ್ಣದಾಯಿತು.

"ಯಮ್ಮಾ, ದೇವರಿಗೆ ಬಲಿ ಕೊಟ್ಟದ್ದೂ ನಡಿಯಂಗಿಲ್ಲ."

"ಒಂದೇ ಏಟು ಅಂದಿದ್ದೆಲ್ಲೇ ನೀನು?"

"ಒಂದೇ ಏಟು ಅಂದಿದ್ದೆ. ದೇವರ ಮುಂದ ಅಂದಿದ್ನೇನು?"

ಅಳಿಯ ಕೈ ಮುಗಿದ. ಗದ್ದೆಯಲ್ಲಿ ಕಲಿತ ಕನ್ನಡ ಅವನದು. "ಮಮ್ಮೀಜಿ, ಹೊಟ್ಟಿಗಂತ ಕೊಯ್ದಿದ್ರ ತಿಂತಿದ್ದೆ. ಜೀವ ಕೊಟ್ಟು ದೇವರನ್ನ ಖುಷಿ ಮಾಡೋದು ನಮ್ಮಲ್ಲಿ ಇಲ್ಲ. ಓದಿ ಕೊಯ್ದದ್ದು ಯಾಕ ತಿನ್ನಲ್ಲ? ಅದಕ್ಕೇ. ಇದೂ ಅದೇ ಆತು. ನಾನು ದೀಕ್ಷೆ ತಗೊಂಡೀನಿ, ಮುರಿಯಾಕಾಗಲ್ಲ. ತಪ್ಪು ತಿಳೀಬ್ಯಾಡ್ರಿ."

ಯಜಮಾನ ಮಾತು ತೇಲಿಸೋಕೆ ನೋಡಿದ. "ಬದ್ನಿಕಾಯಿ ಹಾಕ್ರಿ ಅವಗ. ನೋಡಾಕ ಟಗರಿದ್ದಂಗ ಅದಾನ, ತಿನ್ನೋದು ಬದ್ನಿಕಾಯಿ!" ಎಲ್ಲರೂ ನಕ್ಕರು, ಅಳಿಯನೂ ನಕ್ಕ. ರೊಟ್ಟಿ ಬದನೆಕಾಯಿ ಹೊಟ್ಟೆ ತುಂಬ ಉಂಡ. ಉಣ್ಣುತ್ತಲೇ ಹೇಳಿದ, ಅವನ ತಾಯಿ ಮೊಟ್ಟೆ ಸಹ ಮುಟ್ಟೋದಿಲ್ಲವಂತೆ, ಅವನ ತಮ್ಮನಾದರೆ ಯಾವ ಅಂಗಡಿಯ ಮಾಂಸವಾದರೂ ತಿಂತಾನಂತೆ. ಒಂದೇ ಮನೆಯಲ್ಲಿ ಮೂರು ಥರ, ದಿನಾ ಜಗಳವಂತೆ. ಗುರುದ್ವಾರದ ಊಟದಲ್ಲಿ ಮಾತ್ರ ಬರೀ ಬೇಳೆ, ರೊಟ್ಟಿ. "ಯಾವ ಜಾತಿಯವರು ಬಂದು ಕುಂತ್ರೂ ಎದ್ದು ಹೋಗಬಾರ್ದಲ್ರಿ, ಅದಕ್ಕ" ಅಂದ. ನಾನು ಮುಲ್ಲಾನ ಮನೆಯವರು ಕೂರುತ್ತಿದ್ದ ಕಡೆ ನೋಡಿದೆ. ಅಲ್ಲಿ ಎಲೆ ಹಾಕಿರಲಿಲ್ಲ.

ಮಗಳೂ ತಿನ್ನಲಿಲ್ಲ. ಸಣ್ಣಾಕೆ ಇದ್ದಾಗ ಒಲೆ ಮುಂದೆ ಕೂತು ಎಲುಬಿಗೆ ಜಗಳ ತೆಗೆಯುತ್ತಿದ್ದವಳು, ನನ್ನ ಕೈಯಿಂದ ಸಾರಿನ ಸೌಟು ದೂರ ಸರಿಸಿದಳು.

"ಕೂಸಿನ ಬಾಯಿಗಾದ್ರೂ ಒಂದು ಚೂರು ಮುಟ್ಟಿಸ್ತೀನಿ. ಹರಕಿ ಅದರ ಹೆಸರಿಗೈತಿ" ಅಂದೆ.

"ಬ್ಯಾಡಮ್ಮಾ."

"ಅದು ಉಳಿದದ್ದು ಹೆಂಗ ಅಂತ ಮಾಡೀಯೇ?"

"ನನ್ನ ಕೇಳಿ ಹೊತ್ತಿದ್ದೇನು?" ಅಂದಳು. ಜೋರಾಗಿ ಅನ್ನಲಿಲ್ಲ. ಜೋರಾಗಿ ಅಂದಿದ್ದರೆ ನಾನೂ ಬೈಯ್ಯುತ್ತಿದ್ದೆ.

ಸಂಜೆ ಮಗಳು ಜಳಕಕ್ಕೆ ಹೋದಳು. ಅಡುಗೆ ಮನೆಯಲ್ಲಿ ನಾನು, ನನ್ನ ತೊಡೆ ಮೇಲೆ ಕೂಸು, ಇಬ್ಬರೇ. ಹರಕೆಯ ಮೊದಲ ಪಾಲು ಬಟ್ಟಲಲ್ಲಿ ಮುಚ್ಚಿಟ್ಟಿದ್ದೆ. ಬೆರಳು ಸಾರಿನಲ್ಲಿ ಅದ್ದಿ ಎತ್ತಿದೆ. ಕೂಸು ಗುಬ್ಬಿ ಮರಿಯಂಗೆ ಬಾಯಿ ತೆರೆಯಿತು. ಇಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹರಕೆ ತೀರುತ್ತಿತ್ತು. ಹಿತ್ತಲಲ್ಲಿ ನೀರಿನ ಸಪ್ಪಳ. ಊಟದ ಪಾತ್ರೆಗಳನ್ನು ಅಳಿಯ ತಾನೇ ತೊಳೆಯುತ್ತಿದ್ದ. ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ಹೋದವನೂ ಅವನೇ.

ಬೆರಳನ್ನು ನನ್ನ ಬಾಯಿಗೇ ಇಟ್ಟುಕೊಂಡೆ. ಬಟ್ಟಲಲ್ಲಿದ್ದದ್ದನ್ನೆಲ್ಲ ತಿಂದೆ. ಊರಮ್ಮಾ, ಇದರ ಪಾಲು ನಾನು ತಿಂದೀನಿ, ಸಿಟ್ಟು ಬಂದ್ರ ನನ್ನ ಮ್ಯಾಲೆ ತೀರಿಸ್ಕೋ ಅಂದೆ. ಕೂಸು ತನಗೆ ಸಿಗಲಿಲ್ಲ ಅಂತ ಅತ್ತಿತು. ಬೆಲ್ಲ ಕೊಟ್ಟೆ.

ಎಂಟು ದಿನವಿದ್ದು ಹೋದರು. ಹೋದ ಮೇಲೆ ಮುಲ್ಲಾನ ಮನೆಗೆ ಹೋದೆ. ಚಹಾ ಕೊಟ್ಟ, ಕೂಸಿನ ಸುದ್ದಿ ಕೇಳಿದ. "ಯುಗಾದಿ ಮರುದಿನ ಕರಿಗೆ ಕುರಿ ಕೊಯ್ಯಾಕ ಬಾರಣ್ಣಾ" ಅಂದರೆ, "ವಯಸ್ಸಾತು ತಂಗಿ, ಕತ್ತಿ ಬಿಟ್ಟೀನಿ" ಅಂದ. ಬಿಟ್ಟಿಲ್ಲ. ಬೇರೆಯವರ ಮನೆಗೆ ಕತ್ತಿಯ ಚೀಲ ಹಿಡಿದು ಹೋಗೋದನ್ನು ನಾನೇ ನೋಡೀನಿ.

ಅವತ್ತಿನಿಂದ ಫೋನು ಬಂದರೆ ಮೊದಲು ಕೂಸಿಗೆ ಹುಷಾರೈತೇನು ಅಂತ ಕೇಳ್ತೀನಿ. ಕೂಸಿಗೆ ಕೆಮ್ಮು ಅಂದರೆ ನನ್ನಿಂದಲೇ, ಜ್ವರ ಅಂದರೆ ನನ್ನಿಂದಲೇ. ಮಗಳಿಗೆ ಹೇಳಿದರೆ ನಗ್ತಾಳೆ, ಯಜಮಾನನಿಗೆ ಹೇಳಿದರೆ ಇನ್ನೊಂದು ಟಗರು ತರ್ತಾನೆ. ಮೊನ್ನೆ ನನ್ನ ಮೊಣಕಾಲು ಬಾತು ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. "ದವಾಖಾನಿಗೆ ನಡಿಯಲೇ" ಅಂತ ಯಜಮಾನ ಗಾಡಿ ತಂದು ನಿಲ್ಲಿಸಿದ. ಊರಮ್ಮ ನನ್ನ ಮೇಲೇ ತೀರಿಸಿಕೊಳ್ಳಲಿ ಅಂತ ನಾನು ಒಲ್ಲೆ ಅಂದೆ. ಆ ಮೂರೂ ದಿನ ಕೂಸು ಕೆಮ್ಮಿಲ್ಲದೆ, ಜ್ವರವಿಲ್ಲದೆ ಚೆನ್ನಾಗಿ ನಿದ್ದೆ ಮಾಡಿತ್ತು.