ಕಿವಿಯ ಹಿಂದಿನ ವಿಭೂತಿ

ಕೆಂಗೇರಿ ಉಪನಗರದ ಆ ಬೀದಿಯಲ್ಲಿ ಯಾರ ಮೊಣಕಾಲು ತರಚಿದರೂ ಮೊದಲು ನೆನಪಾಗುವವಳು ಶಿವಕ್ಕ. ಅವಳ ಗೇಟಿನ ಮುಂದೆ ಬಂದು ಒಳಗೆ ಹೋಗಲೋ ಬೇಡವೋ ಎಂದು ನಿಲ್ಲುವಂತೆ ಮಾಡುವವಳೂ ಶಿವಕ್ಕನೇ. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಡ್ರೆಸ್ಸರ್ ಆಗಿ ಗಾಯ ತೊಳೆದು, ಪಟ್ಟಿ ಕಟ್ಟಿ ನಿವೃತ್ತಳಾದವಳು. ಕೈ ಬಲು ಹಗುರ. ಬಾಯಿ ಮಾತ್ರ ಬೆಂಕಿ.

ಸುಟ್ಟ ಬೆರಳಿಗೆ ಟೂತ್‌ಪೇಸ್ಟ್ ಬಳಿದುಕೊಂಡು ಬಂದರೆ, "ಇಲ್ಲಿ ಹಲ್ಲು ಎಲ್ಲಿದೆ, ತೋರ್ಸು" ಅನ್ನುತ್ತಿದ್ದಳು. ಗಾಯಕ್ಕೆ ಕಾಫಿಪುಡಿ ಒತ್ತಿಕೊಂಡು ಬಂದ ಎದುರುಮನೆಯ ಬ್ಯಾಂಕ್ ಮ್ಯಾನೇಜರ್ ಗಿರಿರಾಜ್‌ಗೆ, "ಹಾಲು ಸಕ್ಕರೆನೂ ಹಾಕ್ಕೊಂಡು ಬರ್ಬೇಕಿತ್ತು ಸಾರ್" ಅಂದಿದ್ದಳು. ಎಲ್ಲಕ್ಕಿಂತ ಹೆಚ್ಚು ರೇಗುತ್ತಿದ್ದುದು ಗಾಯಕ್ಕೆ ವಿಭೂತಿ ಮೆತ್ತಿದವರ ಮೇಲೆ. ಲಿಂಗಪೂಜೆ ಆಗದೆ ತೊಟ್ಟು ನೀರು ಮುಟ್ಟದ ಹೆಂಗಸು ಅವಳು. ಆದರೂ ಹೇಳುತ್ತಿದ್ದಳು, "ಹಣೆ ಮೇಲಿದ್ರೆ ವಿಭೂತಿ. ಗಾಯಕ್ಕೆ ಹಾಕಿದ್ರೆ ಬರೀ ಬೂದಿ."

ಇಂಥವಳ ಮೊಮ್ಮಗಳು ಶರಣ್ಯಾ, ಎಂಜಿನಿಯರಿಂಗ್ ಎರಡನೇ ವರ್ಷದವಳು, ಗೆಳತಿಯರ ಜೊತೆ ಘಟ್ಟದ ಕಾಡಿನಲ್ಲಿ ಎರಡು ರಾತ್ರಿ ಟೆಂಟು ಹಾಕಿ ಬಂದಳು. ಮೊಣಕೈ ತರಚಿತ್ತು, ಕಾಲ ತುಂಬ ಮುಳ್ಳು ಗೀರಿತ್ತು. ಶಿವಕ್ಕ ಬಿಸ್ಕತ್ತಿನ ಹಳೇ ಡಬ್ಬಿ ತೆಗೆದು, ಗಾಜ್ ಬಟ್ಟೆ, ಚಿಮಟ ಹರಡಿಕೊಂಡು ಕೂತಳು. ಗಾಯ ತೊಳೆಯಲು ಹತ್ತು ನಿಮಿಷ ಹಿಡಿಯಿತು, ಬೈಗುಳ ಮೂರು ದಿನ ನಡೆಯಿತು.

"ಮೈಮೇಲೆ ರಕ್ತ ಹೀರೋ ಉಣುಗು ಏನಾದ್ರೂ ಕಚ್ಚಿತ್ತೇನೇ?"

"ಇಲ್ಲ ಅಜ್ಜಿ."

ಸುಮ್ಮನೆ ಕೇಳಿದ್ದಲ್ಲ. ಕೆಲಸದ ಮೊದಲ ವರ್ಷಗಳನ್ನು ಶಿವಕ್ಕ ಮಲೆನಾಡಿನ ಒಂದು ತಾಲೂಕು ಆಸ್ಪತ್ರೆಯಲ್ಲಿ ಕಳೆದಿದ್ದಳು. ಸೌದೆಗೆ ಹೋಗಿ ಉಣುಗು ಕಚ್ಚಿಸಿಕೊಂಡು ಮಂಗನ ಕಾಯಿಲೆ ಹತ್ತಿದ ಒಬ್ಬಳನ್ನು ಮನೆಯವರು ಹತ್ತನೇ ದಿನ ಹೊತ್ತು ತಂದಿದ್ದರು. ಅವಳ ಬಾಯಿಂದ ಸುರಿದ ರಕ್ತ ಒರೆಸಿದ್ದು ಶಿವಕ್ಕನ ಕೈಯೇ. ಮರುದಿನ ಆ ಹಾಸಿಗೆ ಖಾಲಿಯಾಗಿತ್ತು.

ಐದನೇ ದಿನ ಬೆಳಿಗ್ಗೆ ಶರಣ್ಯಾ ಎದ್ದು ಬಂದು ತಲೆ ತಗ್ಗಿಸಿ ಕೂತಿದ್ದಳು. ಕಾಫಿ ಕೊಡಲು ಬಾಗಿದ ಶಿವಕ್ಕನಿಗೆ ಅವಳ ಕಿವಿಯ ಹಿಂದೆ ಬೆಳ್ಳಗೆ ಏನೋ ಕಂಡಿತು. ವಿಭೂತಿ. ಹಣೆಗೆ ಹಚ್ಕೊಳ್ಳೇ ಅಂದರೆ ಮೂತಿ ತಿರುಗಿಸುವ ಹುಡುಗಿ, ಕಿವಿಯ ಹಿಂದೆ ಹಚ್ಚಿಕೊಂಡಿದ್ದಾಳೆ! ಸೆರಗಿನ ತುದಿಯಿಂದ ಒರೆಸಿದರೆ ಕೆಳಗೆ ಸುಟ್ಟ ಕಲೆ, ಅದರ ನಡುವೆ ಕರೀ ಚುಕ್ಕಿ. ಕತ್ತು ಮುಟ್ಟಿದಳು. ಕೆಂಡ.

"ಶಿವರಂಜನೀ!"

ಸೊಸೆ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತಳು. ಮೂರು ಪ್ರಶ್ನೆಗೆ ಎಲ್ಲ ಹೊರಬಿತ್ತು. ಟ್ರಿಪ್ಪಿಂದ ಬಂದ ದಿನವೇ ತಲೆಗೆ ನೀರು ಹಾಕುವಾಗ ಉಣುಗು ಸಿಕ್ಕಿತ್ತು. ತಾಯಿ ಮಗಳು ಬಚ್ಚಲಿನ ಬಾಗಿಲು ಹಾಕಿಕೊಂಡು ಊದುಬತ್ತಿಯಿಂದ ಸುಟ್ಟು, ಕಿತ್ತು, ಅಂದಿನಿಂದ ದಿನಾ ಮೇಲೆ ವಿಭೂತಿ ಒತ್ತುತ್ತಿದ್ದರು. ಜ್ವರ ಬಂದು ಆಗಲೇ ಎರಡು ದಿನ. ಮಾತ್ರೆ ನುಂಗಿಸುತ್ತಿದ್ದುದೂ ಕದ್ದೇ.

ಶಿವಕ್ಕನ ಮೈಯೆಲ್ಲ ಉರಿಯಿತು. "ಸುಟ್ರೆ ಆ ಹುಳ ಹೊಟ್ಟೇಲಿದ್ದದ್ದನ್ನೆಲ್ಲ ಗಾಯಕ್ಕೇ ಕಕ್ಕುತ್ತೆ ಕಣೇ! ಚಿಮಟದಲ್ಲಿ ನೆಟ್ಟಗೆ ಎಳೆದಿದ್ರೆ ಅರ್ಧ ನಿಮಿಷದ ಕೆಲಸ. ಮೂವತ್ತು ವರ್ಷ ಇದನ್ನೇ ಮಾಡಿದವಳು ನಡುಮನೇಲಿ ಕೂತಿದೀನಿ, ನೀನು ಊದುಬತ್ತಿ ಹಚ್ತೀಯಾ? ನಿನ್ನ ಬಾಯಲ್ಲೇನು ಕಡುಬು ತುರುಕಿತ್ತಾ, ಒಂದು ಮಾತು ಹೇಳೋಕೆ?"

ಎಂದೂ ಎದುರಾಡದ ಶಿವರಂಜನಿ ಅವತ್ತು ಎದುರಾಡಿದಳು. "ಹೇಗೆ ಹೇಳ್ಲಿ ಅತ್ತೆ? ಮೊಣಕೈ ತರಚಿದ್ದಕ್ಕೇ ಮೂರು ದಿನ ಬೈದ್ರಿ. ಅಜ್ಜಿಗೆ ಹೇಳ್ಬೇಡಮ್ಮ ಅಂತ ಕೈ ಮುಗಿದ್ಲು ಇವಳು. ಬೀದಿಯವರೆಲ್ಲ ನಿಮ್ಮ ಹತ್ರ ಬರ್ತಾರೆ. ನಿಮ್ಮ ಜೊತೆ ಇದೇ ಮನೇಲಿ ಬಾಳೋದು ನಾವು!"

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತು. ಶಿವಕ್ಕನಿಗೆ ಸೊಸೆಯ ಮೇಲಿನ ಸಿಟ್ಟು ಇಳಿಯಲಿಲ್ಲ, ಆದರೆ ಅದಕ್ಕಿಂತ ದೊಡ್ಡ ಸಿಟ್ಟು ತನ್ನ ನಾಲಿಗೆಯ ಮೇಲೆಯೇ ಹತ್ತಿತು. ಮತ್ತೆ ಒಂದು ಮಾತೂ ಆಡದೆ ಚಪ್ಪಲಿ ಮೆಟ್ಟಿ ಆಟೋ ಹಿಡಿದು ತಂದಳು.

ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದು, ಗ್ಲೂಕೋಸ್ ಏರಿಸಿದರು. "ಮಂಗನ ಕಾಯಿಲೆ ಅಂತ ಈಗ್ಲೇ ಹೇಳೋಕಾಗಲ್ಲ. ರಿಪೋರ್ಟ್ ನಾಳೆ ಬರುತ್ತೆ. ಅಲ್ಲಿವರೆಗೂ ಇಲ್ಲೇ ಇರ್ಲಿ" ಅಂದರು ಡಾಕ್ಟರು. ಶಿವಕ್ಕ ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಳು. ಬೈಗುಳ ಗಂಟಲವರೆಗೂ ಬರುತ್ತಿತ್ತು. ಪ್ರತಿಸಲವೂ ನುಂಗಿದಳು.

ಸ್ವಲ್ಪ ಹೊತ್ತು ಅವಳನ್ನೇ ನೋಡುತ್ತಿದ್ದ ಶರಣ್ಯಾ ಸಣ್ಣ ದನಿಯಲ್ಲಿ ಕೇಳಿದಳು. "ಅಜ್ಜಿ, ಯಾಕೆ ಬೈತಿಲ್ಲ ನೀನು? ನಂಗೆ ತುಂಬಾ ಜಾಸ್ತಿ ಆಗಿದ್ಯಾ?"

ಶಿವಕ್ಕ ಮುಖ ತಿರುಗಿಸಿ, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದಳು.

"ಜಾಸ್ತಿಯಂತೆ ಜಾಸ್ತಿ! ಬುದ್ಧಿಗೇಡಿ, ಕಾಡಲ್ಲಿ ಮಲಗೋಕೆ ಮನೇಲಿ ಮಂಚ ಇರ್ಲಿಲ್ವಾ ನಿಂಗೆ? ಓದೋದು ಎಂಜಿನಿಯರಿಂಗು, ಹಚ್ಕೊಳ್ಳೋದು ಬೂದಿ..."

ಪಕ್ಕದ ಮಂಚದವರು ಎದ್ದು ಕೂತು ನೋಡಿದರು. ನರ್ಸ್ ಬಂದು, "ಆಂಟಿ, ಮೆಲ್ಲಗೆ" ಅಂದಳು. ಶಿವಕ್ಕ ಕೇಳಿಸಿಕೊಳ್ಳಲಿಲ್ಲ. ಮೊಮ್ಮಗಳು ಕಣ್ಣು ಮುಚ್ಚಿ ನಿದ್ದೆ ಹೋದಮೇಲೂ, ಅವಳ ಬಿಸಿ ಕೈ ಹಿಡಿದುಕೊಂಡು ಬೈಯುತ್ತಲೇ ಇದ್ದಳು.